ಉಪನ್ಯಾಸಕ್ಕೋ, ಸೆಮಿನಾರ್‌ಗೋ? ಅರಬ್ ಅಧ್ಯಯನ ವಿಭಾಗದಲ್ಲಿ ಎರಡನ್ನೂ ಕೂತು ಕೇಳಿದ ಮೇಲೆ

ವಿಶ್ವವಿದ್ಯಾಲಯಗಳ ಅರಬ್ ಮತ್ತು ಇಸ್ಲಾಮೀ ಅಧ್ಯಯನ ವಿಭಾಗಗಳಲ್ಲಿ ಹೊರಗಿನವರು ಹೋಗಬಹುದಾದ ಕಾರ್ಯಕ್ರಮ ಸಾಮಾನ್ಯವಾಗಿ ಎರಡು ಬಗೆ: ಸಭಾಂಗಣದ ಸಾರ್ವಜನಿಕ ಉಪನ್ಯಾಸ, ಮೇಜಿನ ಸುತ್ತ ಕೂತು ಪಠ್ಯ ಓದುವ ಸೆಮಿನಾರ್. ಇರುವುದು ಒಂದೇ ಸಂಜೆ ಎಂದಾದರೆ ಸೆಮಿನಾರ್‌ಗೇ ಹೋಗಿ.

ಇಬ್ನ್ ಅಲ್-ನದೀಮ್ ಬಗ್ಗೆ ನಾನು ಎರಡೂ ಕಡೆ ಕೇಳಿದೆ. ಬಾಗ್ದಾದಿನ ಈ ಪುಸ್ತಕ ವ್ಯಾಪಾರಿ ತನಗೆ ಗೊತ್ತಿದ್ದ ಅರಬಿ ಗ್ರಂಥಗಳನ್ನೆಲ್ಲ ಪಟ್ಟಿ ಮಾಡಿ 987ರಲ್ಲಿ ‘ಅಲ್-ಫಿಹ್ರಿಸ್ತ್’ ಬರೆದವನು. ಲಿಪಿಗಳಿಂದ ಶುರುವಾಗಿ ರಸವಿದ್ಯೆಯವರೆಗೆ ಹತ್ತು ಅಧ್ಯಾಯ. ಉಪನ್ಯಾಸ ಆ ಹತ್ತರ ಪರಿಚಯವನ್ನೂ ಒಂದು ಗಂಟೆಯೊಳಗೆ ಮಾಡಿಕೊಟ್ಟಿತು. ಹೊಸಬರಿಗೆ ಅದು ಬೇಕು, ಅದರಲ್ಲಿ ಎರಡು ಮಾತಿಲ್ಲ.

ತಲೆನೋವು ಇರುವುದು ಪ್ರಶ್ನೋತ್ತರದಲ್ಲಿ. ಭಾಷಣ ಮುಗಿದು ಉಳಿಯುವುದೇ ಸ್ವಲ್ಪ ಹೊತ್ತು. ಮೈಕ್ ಮೊದಲು ಸಿಕ್ಕವರು ಪ್ರಶ್ನೆ ಕೇಳುವುದಿಲ್ಲ, ತಾವೇ ಇನ್ನೊಂದು ಭಾಷಣ ಮಾಡುತ್ತಾರೆ. ವಿಷಯ ಹತ್ತನೇ ಶತಮಾನದ್ದಾದರೂ ಮಾತು ಇವತ್ತಿನ ಪಶ್ಚಿಮ ಏಷ್ಯಾದ ರಾಜಕೀಯಕ್ಕೇ ಹೊರಳುತ್ತದೆ. ಆ ರಾಜಕೀಯವೂ ಮುಖ್ಯವೇ, ಅದಕ್ಕೆಂದೇ ಬೇರೆ ಉಪನ್ಯಾಸಗಳೂ ಇರುತ್ತವೆ. ಆದರೆ ಹಸ್ತಪ್ರತಿಗಳ ಮೇಲೆ ವರ್ಷಗಟ್ಟಲೆ ದುಡಿದು ಬಂದವರನ್ನು ಸುದ್ದಿ ವಿಶ್ಲೇಷಕರ ಕುರ್ಚಿಯಲ್ಲಿ ಕೂರಿಸುವುದು ಅನ್ಯಾಯ.

ಅಧ್ಯಕ್ಷರು ಸೌಜನ್ಯಕ್ಕೆ ತಡೆಯುವುದಿಲ್ಲ. ಹಿಂದಿನ ಸಾಲಿನಲ್ಲಿ ಕೈ ಎತ್ತಿದ ವಿದ್ಯಾರ್ಥಿಯ ಸರದಿ ಬರುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಚೀಟಿಯಲ್ಲಿ ಪ್ರಶ್ನೆ ಬರೆಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪೀತು.

ಸೆಮಿನಾರ್‌ನಲ್ಲಿ ಓದಿದ್ದು ಅದೇ ಪುಸ್ತಕದ ಒಂದು ಚಿಕ್ಕ ಭಾಗ. ಅಬ್ಬಾಸಿ ಖಲೀಫನ ವಜೀರ ಯಾಹ್ಯಾ ಬರ್ಮಕಿ ಔಷಧಿ ಸಸ್ಯಗಳನ್ನು ತರಲು, ಅಲ್ಲಿನ ಧರ್ಮಗಳ ಬಗ್ಗೆ ಬರೆದುಕೊಂಡು ಬರಲು ಭಾರತಕ್ಕೆ ಒಬ್ಬನನ್ನು ಕಳಿಸಿದ ಎಂಬ ಸಂಗತಿ. ಉಪನ್ಯಾಸದಲ್ಲಿ ಇದು ಒಂದೇ ವಾಕ್ಯದಲ್ಲಿ ದಾಟಿಹೋಗಿತ್ತು. ಇಲ್ಲಿ ಅದನ್ನೇ ಹಿಡಿದು ಕೂತೆವು. ಯಾಹ್ಯಾ ತೀರಿಕೊಂಡದ್ದು 805ರಲ್ಲಿ. ಹಾಗಾದರೆ ಇಷ್ಟು ಕಾಲದ ಮೇಲೆ ಬರೆದವನಿಗೆ ಇದು ಗೊತ್ತಾದದ್ದು ಹೇಗೆ? ತತ್ತ್ವಜ್ಞಾನಿ ಅಲ್-ಕಿಂದಿಯ ಕೈಬರಹದಲ್ಲಿ ನೋಡಿದೆ, ಮೂಲತಃ ಯಾರ ಮಾತೋ ತಿಳಿಯದು ಎಂದು ಅವನೇ ಹೇಳಿಕೊಂಡಿದ್ದಾನೆ. ಸಾವಿರ ವರ್ಷದ ಹಿಂದಿನವನೊಬ್ಬ ತನ್ನ ಆಧಾರ ಎಷ್ಟು ಗಟ್ಟಿ ಎಂದು ಅಷ್ಟು ಪ್ರಾಮಾಣಿಕವಾಗಿ ಬರೆದದ್ದನ್ನು ಓದಿ ರೋಮಾಂಚನವಾಯಿತು. ಉಪನ್ಯಾಸದ ವೇಗದಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ.

ನಾನು ಹೋದಲ್ಲೆಲ್ಲ ಎರಡಕ್ಕೂ ಶುಲ್ಕವಿರಲಿಲ್ಲ. ಸೆಮಿನಾರ್ ಕೇಳುವುದು ಸಮಯವನ್ನು: ಮೊದಲೇ ಕಳಿಸಿದ ಪುಟಗಳನ್ನು ಓದಿಕೊಂಡೇ ಹೋಗಬೇಕು. ಅರಬಿ ಬಾರದಿದ್ದರೆ ಫಿಹ್ರಿಸ್ತ್‌ಗೆ 1970ರ ಇಂಗ್ಲಿಷ್ ಅನುವಾದವಿದೆ.

ರೆಕಾರ್ಡಿಂಗ್? ಉಪನ್ಯಾಸಕ್ಕೆ ಸಾಕು, ಹೆಸರುಗಳನ್ನು ನಿಲ್ಲಿಸಿ ಬರೆದುಕೊಳ್ಳಬಹುದು. ಸೆಮಿನಾರ್‌ಗೆ ದಂಡ, ಮೇಜಿನ ಆ ತುದಿಯವರ ಮಾತು ಕೇಳಿಸುವುದಿಲ್ಲ.

ನಿಧಾನವಾಗಿ, ಪೆನ್ಸಿಲ್ ಹಿಡಿದು ಓದುವವಳು ನಾನು. ನನ್ನ ಆಯ್ಕೆ ಅದಕ್ಕೆ ತಕ್ಕಂತಿದೆ. ಅವಸರದ ಕೆಲಸದಿಂದ ನೇರ ಬರುವವರಿಗೆ ಉಪನ್ಯಾಸವೇ ಸರಿ. ಸೆಮಿನಾರ್‌ಗೆ ಹೊರಡುವುದಾದರೆ ಸಂಚಾಲಕರಿಗೆ ಎರಡು ಸಾಲು ಬರೆದು ಪುಟಗಳನ್ನು ಮುಂಚಿತವಾಗಿ ತರಿಸಿಕೊಳ್ಳಿ, ಅರಬಿ ಬಲ್ಲವರ ಪಕ್ಕದಲ್ಲಿ ಕೂರಿ.