ಪ್ಲೇಗ್ ಕಾಲದ ಬೆಂಗಳೂರು ನಡಿಗೆ: ಹೋಗಿ, ಪ್ರಶ್ನೆ ಕೇಳಿ

ಭಾನುವಾರ ಬೆಳಿಗ್ಗೆ ಕೋಟೆಯ ಬಳಿ ಶುರುವಾಗಿ ವಿಕ್ಟೋರಿಯಾ ಆಸ್ಪತ್ರೆಯ ಸುತ್ತ ಸಾಗುವ ನಡಿಗೆಯಿದು. ಶುಲ್ಕ ಹೆಚ್ಚಲ್ಲ. ಸಾಂಕ್ರಾಮಿಕ ರೋಗಗಳ ವಾರ್ಡಿನಲ್ಲಿ ದಾದಿಯಾಗಿ ದುಡಿದು ನಿವೃತ್ತಳಾದ ನನಗೆ ಇದು ಬರೀ ಕಟ್ಟಡ ನೋಡುವ ಸಂಗತಿಯಾಗಿರಲಿಲ್ಲ.

ಮಾರ್ಗದರ್ಶಿ ಉತ್ಸಾಹಿ ಹುಡುಗ. ಕಲ್ಲಿನ ಕಟ್ಟಡ, ಎತ್ತರದ ಚಾವಣಿ, ಗಾಳಿ ಬೆಳಕಿಗೆ ಅಂದಿನವರು ಕೊಟ್ಟ ಮಹತ್ವ ಇವನ್ನೆಲ್ಲ ಸೊಗಸಾಗಿ ವಿವರಿಸಿದ. ಆದರೆ ಪ್ಲೇಗ್ ಬಂದದ್ದರಿಂದಲೇ ಈ ಆಸ್ಪತ್ರೆ ಕಟ್ಟಿದರು ಎಂದ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದ್ದು 1897ರಲ್ಲಿ. ಪ್ಲೇಗ್ ಊರಿಗೆ ಕಾಲಿಟ್ಟದ್ದು 1898ರಲ್ಲಿ. 1900ರಲ್ಲಿ ವೈಸ್‌ರಾಯ್ ಕರ್ಜನ್ ಉದ್ಘಾಟಿಸುವ ಹೊತ್ತಿಗೆ ಊರು ಬೇಕಾದಷ್ಟು ಸಾವು ಕಂಡಿತ್ತು.

ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ಮಾತು: ಪ್ಲೇಗ್ ಲಸಿಕೆ ತಯಾರಿಸಿದ ವಿಜ್ಞಾನಿ ಹಾಫ್‌ಕಿನ್ ಅವರ ಚುಚ್ಚುಮದ್ದಿನಿಂದ ರೋಗಿಗಳನ್ನು ಗುಣಪಡಿಸಿದರಂತೆ! ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡ ಆ ಮದ್ದು ಕಾಯಿಸಿ ಕೊಂದ ರೋಗಾಣುಗಳದ್ದು, ರೋಗ ಬಾರದಿರಲೆಂದು ಕೊಡುವಂಥದ್ದು. ತೊಡೆಸಂದಿಯಲ್ಲಿ ಗಡ್ಡೆ ಎದ್ದು ಜ್ವರದಲ್ಲಿ ಬಡಬಡಿಸುತ್ತಿದ್ದವರಿಗೆ ಅದು ಮದ್ದಲ್ಲ. ಅವರಿಗೆ ಸಿಗುತ್ತಿದ್ದದ್ದು ತಣ್ಣೀರು ಬಟ್ಟೆ, ಹೃದಯ ಕುಸಿಯದಂತೆ ಉತ್ತೇಜಕಗಳು, ಕೀವು ತುಂಬಿದ ಗಡ್ಡೆಗೆ ಚಾಕು, ರೋಗಾಣು ಕೊಲ್ಲುವ ಕಾರ್ಬಾಲಿಕ್ ದ್ರಾವಣ, ಹಗಲೂ ರಾತ್ರಿ ಪಕ್ಕದಲ್ಲಿ ಕೂರುವ ಒಬ್ಬರು. ಪ್ಲೇಗ್ ಗುಣಪಡಿಸುವ ಸ್ಟ್ರೆಪ್ಟೊಮೈಸಿನ್ ಔಷಧ ಕಂಡುಹಿಡಿದದ್ದೇ 1943ರಲ್ಲಿ. ಅಲ್ಲಿಯವರೆಗೆ ಬದುಕಿದವರಲ್ಲಿ ಎಷ್ಟೋ ಮಂದಿ ಶುಶ್ರೂಷೆಯಿಂದ ಬದುಕಿದರು ಎಂದು ನಾನು ನಂಬುತ್ತೇನೆ. ಆದರೂ ಇಡೀ ನಡಿಗೆಯಲ್ಲಿ ದಾದಿಯರ, ಜಾಡಮಾಲಿಗಳ, ಹೆಣ ಹೊತ್ತವರ ಬಗ್ಗೆ ಒಂದು ಮಾತೂ ಇಲ್ಲ. ಇದು ಸಣ್ಣ ಕೊರತೆಯಲ್ಲ.

ಪ್ರತ್ಯೇಕ ಶಿಬಿರಗಳ ಭಾಗ ಮಾತ್ರ ತುಂಬಾ ಚೆನ್ನಾಗಿದೆ. ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕುತ್ತಿದ್ದ ಜನ, ಆಸ್ಪತ್ರೆಗೆ ಒಯ್ದರೆ ಮರಳುವುದಿಲ್ಲವೆಂದು ರೋಗಿಯನ್ನು ಅಟ್ಟದಲ್ಲಿ ಬಚ್ಚಿಡುತ್ತಿದ್ದ ಮನೆಯವರು, ಸೋಂಕು ಕಳೆಯಲು ಮನೆಗೆ ನುಗ್ಗುತ್ತಿದ್ದ ಸಿಬ್ಬಂದಿ: ಮೂರೂ ಕಡೆಯ ಭಯವನ್ನು ಹುಡುಗ ನ್ಯಾಯವಾಗಿ ಹೇಳಿದ. ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳಿಗೂ ಹಿತ್ತಲ ಓಣಿಗಳಿಗೂ ಈ ಭಯಕ್ಕೂ ಇರುವ ನಂಟನ್ನು ಒಳ್ಳೆಯ ನಕ್ಷೆಯೊಂದಿಗೆ ತೋರಿಸಿದ.

ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳು ತಪ್ಪದೆ ಹೋಗಬೇಕು. ನೆರಳು ಕಡಿಮೆ, ನೀರು ಒಯ್ಯಿರಿ. ವಾರ್ಡುಗಳಲ್ಲಿ ಇಂದೂ ರೋಗಿಗಳಿದ್ದಾರೆ, ಫೋಟೊ ತೆಗೆಯಬೇಡಿ. ಚುಚ್ಚುಮದ್ದಿನ ವಿಷಯವನ್ನು ಸಂಘಟಕರಿಗೆ ಬರೆದು ಕಳಿಸಿದ್ದೇನೆ. ಮುಂದಿನ ತಂಡಕ್ಕೆ ತಿದ್ದಿ ಹೇಳುವುದಾಗಿ ಉತ್ತರಿಸಿದ್ದಾರೆ.