ಹೋದ ವರ್ಷದ ದರ ನಂಬಿ ಹತ್ತಿ ಹಿಡಿದಿಟ್ಟವನ ಲೆಕ್ಕ

ಹತ್ತಿ ಬಿಡಿಸಿ ಮನೆಯಲ್ಲಿ ಒಟ್ಟಿಕೊಂಡು ದರ ಏರಲೆಂದು ಕಾಯುತ್ತಿರುವ ರೈತ ಬಾಂಧವರು ನನ್ನ ಈ ನಷ್ಟದ ಲೆಕ್ಕವನ್ನು ಒಮ್ಮೆ ಓದಬೇಕೆಂದು ವಿನಂತಿ. 2022ರ ಬೇಸಿಗೆಯಲ್ಲಿ ರಾಯಚೂರಿನ ಕೃಷಿ ಮಾರುಕಟ್ಟೆಯಾದ ಗಂಜ್‌ನಲ್ಲಿ ಹತ್ತಿ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿತ್ತು. ತಡವಾಗಿ ಮಾರಿದ ನಮ್ಮೂರಿನವರೊಬ್ಬರು ಟ್ರ್ಯಾಕ್ಟರ್ ತಂದರು. ಕಟ್ಟೆಯ ಮೇಲೆ ವರ್ಷವಿಡೀ ಅವರದೇ ಮಾತು. ಕಾದು ಕೈ ಸುಟ್ಟುಕೊಂಡ ಹಳೆಯ ವರ್ಷಗಳನ್ನು ಯಾರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮರು ಹಂಗಾಮಿನ ಡಿಸೆಂಬರ್‌ನಲ್ಲಿ ನನ್ನ 40 ಕ್ವಿಂಟಲ್‌ಗೆ 8,600ರ ದರ ಬಂತು. ಉದ್ದ ಎಳೆಯ ಹತ್ತಿಗೆ ಆ ವರ್ಷದ ಬೆಂಬಲ ಬೆಲೆ 6,380 ಇದ್ದುದರಿಂದ ಅದು ಎರಡು ಸಾವಿರಕ್ಕೂ ಮಿಕ್ಕಿ ಹೆಚ್ಚಿನದಾಗಿತ್ತು; ನನ್ನ ಕಣ್ಣಿಗೆ ಮಾತ್ರ ಹತ್ತು ಸಾವಿರಕ್ಕೆ 1,400 ಕಡಿಮೆಯಾಗಿಯೇ ಕಂಡಿತು. "ತಮ್ಮಾ, ಹೋದ ವರ್ಷದ ರೇಟು ಹೋದ ವರ್ಷಕ್ಕ ಮುಗೀತು, ಕೊಟ್ಟು ಹಗುರಾಗು" ಎಂದ ಹಿರಿಯ ದಲಾಲರ ಮಾತಿನಲ್ಲಿ ಸ್ವಾರ್ಥವನ್ನು ಹುಡುಕಿದೆ.

ಪಡಸಾಲೆ ತುಂಬ ಹತ್ತಿ. ಬೇಸಿಗೆ ಬರುವಷ್ಟರಲ್ಲಿ ಮಕ್ಕಳಿಗೆ ಮೈತುರಿಕೆ ಹತ್ತಿತು, ಅರಳೆ ಒಣಗಿ ತೂಕ ಇಳಿಯಿತು, ಬಣ್ಣ ಹಳದಿಗೆ ತಿರುಗಿತು. ದರ ಇಳಿದಷ್ಟೂ ನನ್ನ ಹಟ ಬಲಿಯಿತು. ಕೊನೆಗೆ ಜೂನ್‌ನಲ್ಲಿ, ಬಿತ್ತನೆಗೆ ಹಣವಿಲ್ಲದೆ, 38 ಕ್ವಿಂಟಲ್ ತೂಗಿ 6,900ಕ್ಕೆ ಕೊಟ್ಟೆ. ಡಿಸೆಂಬರ್‌ನ ಲೆಕ್ಕಕ್ಕೆ ಹೋಲಿಸಿದರೆ ಕಳೆದುಕೊಂಡದ್ದು 81,800 ರೂಪಾಯಿ. ಸಾಲದ ಬಡ್ಡಿ ಬೇರೆ.

ಮೊದಲು ಕಂಡ ಅಂಕಿಗೇ ಅಂಟಿಕೊಳ್ಳುವ ಮನಸ್ಸಿನ ಈ ಅಡ್ಡದಾರಿಯನ್ನು ಮನಶ್ಶಾಸ್ತ್ರಜ್ಞರಾದ ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1974ರಲ್ಲೇ ವಿವರಿಸಿದ್ದರೆಂದು ಆಮೇಲೆ ತಿಳಿಯಿತು. ಅವರು ಅಂಕಿಗಳ ಚಕ್ರವೊಂದನ್ನು ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಜನರನ್ನು ಕೇಳಿದರು. ಚಕ್ರ 10ರಲ್ಲಿ ನಿಂತಾಗ ಅಂದಾಜು 25ರ ಸುತ್ತ, 65ರಲ್ಲಿ ನಿಂತಾಗ 45ರ ಸುತ್ತ ಬಂತು. ಪ್ರಶ್ನೆಗೂ ಚಕ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇಂಥ ಅಂಕಿಯನ್ನು ಪುಸ್ತಕದವರು ಹಡಗಿನ ಲಂಗರು ಎನ್ನುತ್ತಾರೆ. ಸಮುದ್ರವಿಲ್ಲದ ನಮ್ಮ ಸೀಮೆಯಲ್ಲಿ ಅದನ್ನು ದನ ಕಟ್ಟುವ ಗೂಟವೆಂದರೆ ಸಾಕು. ಹಗ್ಗ ಇದ್ದಷ್ಟೇ ದೂರ ನಾನು ಮೇಯ್ದೆ.

ಈಗ ಗಂಜ್‌ಗೆ ಹೋಗುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮನೆಯಲ್ಲಿ ಹತ್ತಿಯೇ ಇಲ್ಲದೆ ಕೈಯಲ್ಲಿ ಅಷ್ಟು ಹಣವಿದ್ದಿದ್ದರೆ, ಇಂದಿನ ದರಕ್ಕೆ ಇದೇ ಹತ್ತಿಯನ್ನು ಕೊಂಡು ಪಡಸಾಲೆಯಲ್ಲಿ ಒಟ್ಟುತ್ತಿದ್ದೆನೇ? ಇಲ್ಲವೆಂದು ಉತ್ತರ ಬಂದ ದಿನವೇ ಗಾಡಿ ಹೇರುತ್ತೇನೆ.