ಲೋಕಲ್ ರೈಲಿಗೆ ಯಾವ ಪುಸ್ತಕ?

ಡೊಂಬಿವಲಿಯಿಂದ ದಿನವೂ ಮುಂಬೈನ ರೈಲು ನಿಲ್ದಾಣ ಸಿಎಸ್‌ಎಂಟಿಗೆ ಹೋಗುವ ನೀವು, ಚೀಲದಲ್ಲಿ ಯಶವಂತ ಚಿತ್ತಾಲರ ಕಾದಂಬರಿ ‘ಶಿಕಾರಿ’ ಇರಲೋ, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಇರಲೋ ಎಂದು ಕೇಳಿದ್ದೀರಿ. ಸೀಟು ಸಿಗದಿದ್ದರೆ ಪತ್ತೇದಾರಿಯೇ ಸರಿ: ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ತೆಳು ಪುಸ್ತಕ, ಠಾಣೆಯ ನೂಕುನುಗ್ಗಲಿನಲ್ಲಿ ಸಾಲು ತಪ್ಪಿದರೂ ಕಥೆ ತಪ್ಪುವುದಿಲ್ಲ. ಆದರೆ ಕೊಲೆಗಾರ ಗೊತ್ತಾದ ಮೇಲೆ ಎರಡನೇ ಓದಿಗೆ ಉಳಿಯುವುದು ಕಡಿಮೆ.

1979ರ ‘ಶಿಕಾರಿ’ ಹಾಗಲ್ಲ. ಇಪ್ಪತ್ತರ ವಯಸ್ಸಿನಲ್ಲಿ ನನಗೆ ಅದರ ನಾಯಕ ನಾಗಪ್ಪನ ಶಂಕೆಗಳು ತಲೆನೋವಾಗಿದ್ದವು. ಮುಂಬೈ ಕಚೇರಿಯಲ್ಲಿ ಹತ್ತು ವರ್ಷ ಸವೆಸಿದ ಮೇಲೆ ಅದೇ ಪುಟಗಳಲ್ಲಿ ಪೆನ್ಸಿಲ್ ಗೀಟುಗಳು ಬಿದ್ದವು. ಅದಕ್ಕೆ ಭಾನುವಾರ, ಕಿಟಕಿ ಪಕ್ಕ, ಎರಡು ಲೋಟ ಚಹಾ ಬೇಕು. ಬೆಲೆ ದೊಡ್ಡ ಮಾತಲ್ಲ. ಪತ್ತೇದಾರಿಯ ಹಳೆಯ ಪ್ರತಿ ಸಿಕ್ಕರೆ ಬಿಡಬೇಡಿ.